ಮೂರು ಲಕ್ಷಣ ಬೇಕೋ, ಒಂದೇ ಸಾಕೋ? ಮಲ್ಲಿಷೇಣ ಪ್ರಶಸ್ತಿಯ ಒಂದು ತರ್ಕದ ಶ್ಲೋಕ

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಪಾರ್ಶ್ವನಾಥ ಬಸದಿಯ ಕಂಬವೊಂದರ ಮೇಲೆ ದೊಡ್ಡದೊಂದು ಶಾಸನವಿದೆ. ಅದೇ ಮಲ್ಲಿಷೇಣ ಪ್ರಶಸ್ತಿ. ನಾವೆಲ್ಲ ಅದನ್ನು ಸಾಮಾನ್ಯವಾಗಿ ಎರಡು ಕಾರಣಕ್ಕೆ ಓದ್ತೀವಿ: ಒಂದು, ಜೈನ ಆಚಾರ್ಯರ ಪರಂಪರೆ ತಿಳಿಯೋಕೆ, ಇನ್ನೊಂದು, ಅಕಲಂಕರ ಕಾಲ ಯಾವುದು, ಅಲ್ಲಿ ಹೆಸರಿಸಿರುವ ಸಾಹಸತುಂಗ ಯಾವ ರಾಜ ಅನ್ನೋ ಚರ್ಚೆಗೆ. ಈ ಗದ್ದಲದಲ್ಲಿ ಒಂದು ಪುಟ್ಟ ಶ್ಲೋಕ ಕಣ್ಣು ತಪ್ಪಿಸಿಕೊಂಡುಬಿಡುತ್ತೆ. ಅದು ಪಾತ್ರಕೇಸರಿ ಎಂಬ ಗುರುವನ್ನು ಹೊಗಳುವ ಶ್ಲೋಕ. ಅದರ ತಾತ್ಪರ್ಯ ಇಷ್ಟೇ: ಆ ಗುರುವಿನ ಮಹಿಮೆ ಎಂಥದ್ದೆಂದರೆ, ಅವರ ಭಕ್ತಿಗೆ ಒಲಿದ ಪದ್ಮಾವತಿ ದೇವಿಯೇ 'ತ್ರಿಲಕ್ಷಣ ಕದರ್ಥನ'ಕ್ಕೆ ಸಹಾಯಕ್ಕೆ ನಿಂತಳು.

ಕದರ್ಥನ ಅಂದರೆ ಹೀಗಳೆದು ಖಂಡಿಸುವುದು. ಹಾಗಾದರೆ ತ್ರಿಲಕ್ಷಣ ಅಂದರೇನು? ಒಬ್ಬ ದೇವಿ ಬಂದು ನೆರವಾಗಬೇಕಾದಷ್ಟು ಕಷ್ಟದ ಆ ಮೂರು ಲಕ್ಷಣಗಳು ಯಾವುವು? ಈ ಬರಹ ಅದರ ಬಗ್ಗೆ. ಕಂಬದ ಮೇಲೆ ಎರಡು ಸಾಲಲ್ಲಿ ಮುಗಿದುಹೋಗುವ ಆ ಮಾತು ಭಾರತೀಯ ತರ್ಕಶಾಸ್ತ್ರದ ಬುಡಕ್ಕೇ ಕೈ ಹಾಕಿದ ಒಂದು ವಾದದ ನೆನಪು. ಶಾಸನ ಓದುವ ನಮಗೂ ಆ ವಾದದಿಂದ ಕಲಿಯೋದು ಇದೆ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಕಂಬದ ವಿಷಯ

ಮಲ್ಲಿಷೇಣ ಮಲಧಾರಿದೇವರು ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದರ ನೆನಪಿಗೆ ಹುಟ್ಟಿದ ಶಾಸನ ಇದು. ಶಕವರ್ಷ 1050, ಕೀಲಕ ಸಂವತ್ಸರ, ಫಾಲ್ಗುಣ ಬಹುಳ ತದಿಗೆ, ಭಾನುವಾರ, ಸ್ವಾತಿ ನಕ್ಷತ್ರ. ಇಂದಿನ ಲೆಕ್ಕದಲ್ಲಿ 1129ರ ಮಾರ್ಚ್ 10. ಬಹುಪಾಲು ಸಂಸ್ಕೃತ ಪದ್ಯ, ಲಿಪಿ ಕನ್ನಡ. ಬರೆದವನು ಮಲಧಾರಿದೇವರ ಗುಡ್ಡನಾದ (ಅಂದರೆ ಶ್ರಾವಕ ಶಿಷ್ಯನಾದ) ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ. ಬಿ. ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ ಇದಕ್ಕೆ 54ನೇ ಸಂಖ್ಯೆ. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಸಂಪುಟದಲ್ಲಿ 67. ನಡುವೆ ಹುಲ್ಟ್ಸ್ ಅವರೂ ಎಪಿಗ್ರಾಫಿಯಾ ಇಂಡಿಕಾದ ಮೂರನೇ ಸಂಪುಟದಲ್ಲಿ ಇದನ್ನು ಸಂಪಾದಿಸಿದ್ದಾರೆ.

ಈ ಪ್ರಶಸ್ತಿಯನ್ನು ಒಮ್ಮೆ ಪೂರ್ತಿ ಓದಿ ನೋಡಿ. ಸಾವಿನ ಸ್ಮಾರಕ ಅನ್ನೋದಕ್ಕಿಂತ ವಾದಿಗಳ ಮೆರವಣಿಗೆ ಅನ್ನಿಸುತ್ತೆ. ಸಮಂತಭದ್ರರು ಪಾಟಲಿಪುತ್ರದಲ್ಲಿ ವಾದದ ಭೇರಿ ಹೊಡೆದು, ಮಾಳವ, ಸಿಂಧು, ಠಕ್ಕ, ಕಾಂಚಿ, ವಿದಿಶೆಗಳನ್ನು ಸುತ್ತಿ ಕರಹಾಟಕಕ್ಕೆ ಬರುತ್ತಾರೆ. ವಿಮಲಚಂದ್ರರು ರಾಜನ ಅರಮನೆ ಬಾಗಿಲಿಗೆ ಸವಾಲಿನ ಪತ್ರ ತೂಗುಹಾಕುತ್ತಾರೆ. ಹೇಮಸೇನರು ಮಧ್ಯಸ್ಥ ವಿದ್ವಾಂಸರ ಸಮ್ಮುಖದಲ್ಲಿ, ರಾಜರ ಮುಂದೆ, ತರ್ಕ ವ್ಯಾಕರಣಗಳ ಗರ್ವವಿದ್ದವರು ಬನ್ನಿ ಅಂತ ಕರೆಯುತ್ತಾರೆ. ವಾದಿರಾಜರು ಚಾಲುಕ್ಯ ಚಕ್ರವರ್ತಿಯ ರಾಜಧಾನಿಯಲ್ಲಿ ಗೆಲ್ಲುತ್ತಾರೆ. ಅಕಲಂಕರು ಹಿಮಶೀತಲನ ಸಭೆಯಲ್ಲಿ ಬೌದ್ಧರನ್ನು ಸೋಲಿಸುತ್ತಾರೆ. ಗಡಿಗೆಯಲ್ಲಿ ಅಡಗಿದ್ದ ತಾರಾದೇವಿಯೂ ಅವರಿಗೆ ಸೋಲುತ್ತಾಳೆ. ಇದನ್ನೆಲ್ಲ ಅಹಂಕಾರದಿಂದಾಗಲಿ ದ್ವೇಷದಿಂದಾಗಲಿ ಮಾಡಲಿಲ್ಲ, ಜನರ ಮೇಲಿನ ಕರುಣೆಯಿಂದ ಮಾಡಿದೆ ಅಂತ ಅಕಲಂಕರ ಬಾಯಲ್ಲೇ ಶಾಸನ ಹೇಳಿಸುತ್ತೆ.

ಇಷ್ಟೊಂದು ಗೆಲುವುಗಳ ನಡುವೆ, ಯಾವ ಯುಕ್ತಿಯಿಂದ ಗೆದ್ದರು ಅನ್ನೋ ಸುಳಿವು ಸಿಗೋದು ಅಪರೂಪ. ಪಾತ್ರಕೇಸರಿಯ ಶ್ಲೋಕದ ಬೆಲೆ ಇರೋದೇ ಅಲ್ಲಿ. ಅದು ರಾಜನ ಹೆಸರು ಹೇಳಲ್ಲ, ಊರಿನ ಹೆಸರು ಹೇಳಲ್ಲ. ಚರ್ಚೆಯ ವಿಷಯ ಹೇಳುತ್ತೆ.

ಮೂರು ಲಕ್ಷಣ ಯಾವುವು?

ಬೆಟ್ಟದ ಮೇಲೆ ಹೊಗೆ ಕಾಣುತ್ತೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ತರ್ಕದ ಪಾಠ ಓದಿದವರಿಗೆಲ್ಲ ಈ ಉದಾಹರಣೆ ಗೊತ್ತು. ಇಲ್ಲಿ ಬೆಟ್ಟ ಪಕ್ಷ, ಬೆಂಕಿ ಸಾಧ್ಯ, ಹೊಗೆ ಹೇತು. ಪ್ರಶ್ನೆ ಏನಪ್ಪಾ ಅಂದರೆ, ಒಂದು ಹೇತು ಒಳ್ಳೇ ಹೇತು ಅಂತ ಯಾವಾಗ ಒಪ್ಪಬೇಕು?

ಬೌದ್ಧ ಆಚಾರ್ಯ ದಿಙ್ನಾಗರು ಇದಕ್ಕೆ ಅಚ್ಚುಕಟ್ಟಾದ ಉತ್ತರ ಕೊಟ್ಟರು. ಏಳನೇ ಶತಮಾನದ ಧರ್ಮಕೀರ್ತಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಅವರ ಪ್ರಕಾರ ಒಳ್ಳೇ ಹೇತುವಿಗೆ ಮೂರು ಲಕ್ಷಣ ಇರಬೇಕು. ಒಂದು, ಹೇತು ಪಕ್ಷದಲ್ಲಿ ಇರಬೇಕು: ಹೊಗೆ ಬೆಟ್ಟದಲ್ಲೇ ಕಾಣಬೇಕು, ಪಕ್ಕದ ಊರಲ್ಲಲ್ಲ. ಎರಡು, ಸಾಧ್ಯ ಇರುವ ಬೇರೆ ಕಡೆ, ಅಂದರೆ ಸಪಕ್ಷದಲ್ಲಿ, ಹೇತು ಇರಬೇಕು: ಅಡುಗೆಮನೆಯಲ್ಲಿ ಬೆಂಕಿಯೂ ಇದೆ, ಹೊಗೆಯೂ ಇದೆ. ಮೂರು, ಸಾಧ್ಯ ಇಲ್ಲದ ಕಡೆ, ಅಂದರೆ ವಿಪಕ್ಷದಲ್ಲಿ, ಹೇತು ಇರಲೇಬಾರದು: ಕೆರೆಯಲ್ಲಿ ಬೆಂಕಿ ಇಲ್ಲ, ಹೊಗೆಯೂ ಇಲ್ಲ. ಇದೇ ತ್ರಿಲಕ್ಷಣ, ತ್ರೈರೂಪ್ಯ ಅಂತಲೂ ಹೆಸರು. ನೈಯಾಯಿಕರು ಇದಕ್ಕೆ ಇನ್ನೆರಡು ಸೇರಿಸಿ ಐದು ಮಾಡಿಕೊಂಡರು.

ನೋಡೋಕೆ ಸರಿಯಾಗೇ ಇದೆ ಅಲ್ವಾ? ಪಾತ್ರಕೇಸರಿ ಇದನ್ನೇ ಪ್ರಶ್ನಿಸಿದ್ದು.

ಪಾತ್ರಕೇಸರಿಯ ತಕರಾರು

'ತ್ರಿಲಕ್ಷಣಕದರ್ಥನ' ಗ್ರಂಥ ಇವತ್ತು ನಮಗೆ ಸಿಕ್ಕಿಲ್ಲ. ಹಾಗಿದ್ದೂ ಅದರ ವಾದ ನಮಗೆ ಗೊತ್ತು, ಯಾಕಂದರೆ ಎದುರಾಳಿಗಳು ಅದನ್ನು ಉಳಿಸಿದ್ದಾರೆ. ಎಂಟನೇ ಶತಮಾನದ ಬೌದ್ಧ ಪಂಡಿತ ಶಾಂತರಕ್ಷಿತರು ತಮ್ಮ 'ತತ್ತ್ವಸಂಗ್ರಹ'ದ ಅನುಮಾನ ಪ್ರಕರಣದಲ್ಲಿ ಪಾತ್ರಸ್ವಾಮಿಯ ಮತ ಅಂತ ಹೇಳಿ ಅದನ್ನು ಪೂರ್ವಪಕ್ಷವಾಗಿ ಇಟ್ಟುಕೊಂಡು ಉತ್ತರ ಕೊಡುತ್ತಾರೆ. ಅವರ ಶಿಷ್ಯ ಕಮಲಶೀಲರು ಅದಕ್ಕೆ ಟೀಕೆ ಬರೆದಿದ್ದಾರೆ. ಇನ್ನೂ ಸ್ವಾರಸ್ಯದ ಸಂಗತಿ ಅಂದರೆ, ಈ ಬೌದ್ಧ ಗ್ರಂಥದ ಸಂಸ್ಕೃತ ಹಸ್ತಪ್ರತಿಗಳು ಉಳಿದದ್ದು ಪಾಟಣ ಮತ್ತು ಜೈಸಲ್ಮೇರಿನ ಜೈನ ಭಂಡಾರಗಳಲ್ಲಿ. 1926ರಲ್ಲಿ ಬರೋಡಾದಿಂದ ಅದು ಅಚ್ಚಾಯಿತು. ಜೈನರ ಮಾತನ್ನು ಬೌದ್ಧರು ಕಾಪಾಡಿದರು, ಬೌದ್ಧರ ಪುಸ್ತಕವನ್ನು ಜೈನರು ಕಾಪಾಡಿದರು. ವಾದ ಮಾಡಿದವರು ಒಬ್ಬರನ್ನೊಬ್ಬರು ಎಷ್ಟು ಗಂಭೀರವಾಗಿ ಓದುತ್ತಿದ್ದರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪಾತ್ರಕೇಸರಿಯ ವಾದವನ್ನು ಸರಳವಾಗಿ ಹೀಗೆ ಹೇಳಬಹುದು. ಸಾಧ್ಯ ಇಲ್ಲದೆ ಹೋದರೆ ಹೇತು ಇರೋಕೆ ಸಾಧ್ಯವೇ ಇಲ್ಲ ಅನ್ನುವ ಸ್ಥಿತಿಗೆ 'ಅನ್ಯಥಾನುಪಪತ್ತಿ' ಅಂತ ಹೆಸರು. ಬೇರೆ ರೀತಿಯಲ್ಲಿ ಹೊಂದಿಕೆ ಆಗದಿರುವುದು ಅಂತ ಅರ್ಥ. ಇದೊಂದು ಇದ್ದರೆ ಆ ಮೂರು ಲಕ್ಷಣ ಯಾಕೆ ಬೇಕು? ಇದೊಂದು ಇಲ್ಲದಿದ್ದರೆ ಆ ಮೂರು ಇದ್ದು ಏನು ಪ್ರಯೋಜನ?

ಎರಡೂ ದಿಕ್ಕಿಗೆ ಉದಾಹರಣೆ ಇದೆ. ಮೊದಲನೆಯದು, ಮೂರೂ ಇದ್ದು ಕೆಟ್ಟುಹೋಗುವ ಅನುಮಾನ. ಒಬ್ಬ ಹೆಂಗಸಿನ ಮಕ್ಕಳೆಲ್ಲ ಕಪ್ಪು ಬಣ್ಣದವರು. ಆಕೆಯ ಇನ್ನೊಬ್ಬ ಮಗನನ್ನು ನಾವು ನೋಡಿಲ್ಲ. ಅವನೂ ಕಪ್ಪಗಿರಬೇಕು, ಯಾಕಂದರೆ ಅವನು ಆಕೆಯ ಮಗ ಅಂತ ಒಬ್ಬ ಹೇಳ್ತಾನೆ. ಲಕ್ಷಣ ಹಚ್ಚಿ ನೋಡೋಣ. ಅವನು ಆಕೆಯ ಮಗ ಹೌದು, ಅಲ್ಲಿಗೆ ಮೊದಲನೆಯದು ಸರಿ. ಕಪ್ಪಗಿರುವ ಅಣ್ಣಂದಿರು ಆಕೆಯ ಮಕ್ಕಳೇ, ಎರಡನೆಯದೂ ಸರಿ. ನಾವು ಕಂಡ ಬಿಳಿಯ ಬಣ್ಣದವರಲ್ಲಿ ಯಾರೂ ಆಕೆಯ ಮಕ್ಕಳಲ್ಲ, ಮೂರನೆಯದೂ ಸರಿ. ಆದರೂ ಈ ಅನುಮಾನವನ್ನು ಯಾರೂ ನಂಬಲ್ಲ. ಆ ಹುಡುಗ ಬೇರೆ ಬಣ್ಣದವನಾಗಿರೋಕೆ ಏನೂ ಅಡ್ಡಿಯಿಲ್ಲ.

ಎರಡನೆಯದು, ಲಕ್ಷಣ ತಪ್ಪಿದರೂ ಸರಿಯಾಗಿ ನಿಲ್ಲುವ ಅನುಮಾನ. ಕೃತ್ತಿಕಾ ನಕ್ಷತ್ರ ಹುಟ್ಟಿದೆ, ಆದ್ದರಿಂದ ಇನ್ನೊಂದು ಮುಹೂರ್ತಕ್ಕೆ ರೋಹಿಣಿ ಹುಟ್ಟುತ್ತೆ. ಅಕಲಂಕರಿಂದ ಹಿಡಿದು ಮುಂದಿನ ಜೈನ ತಾರ್ಕಿಕರೆಲ್ಲ ಬಳಸುವ ಉದಾಹರಣೆ ಇದು (ಅವರು ರೋಹಿಣಿಯನ್ನು ಶಕಟ ಅನ್ನುತ್ತಾರೆ). ಪೂರ್ವ ದಿಗಂತವನ್ನು ನೋಡ್ತಾ ಕೂತರೆ ಇದನ್ನು ನೀವೇ ಪರೀಕ್ಷಿಸಬಹುದು, ಮುಕ್ಕಾಲು ಗಂಟೆ ಚಿಲ್ಲರೆಯ ಅಂತರ. ಇಲ್ಲಿ ಪಕ್ಷ ರೋಹಿಣಿ, ಹೇತು ಕೃತ್ತಿಕೆಯ ಉದಯ. ಕೃತ್ತಿಕೆಯ ಉದಯ ರೋಹಿಣಿಯಲ್ಲಿ ಇಲ್ಲವಲ್ಲ! ಮೊದಲ ಲಕ್ಷಣವೇ ಬಿತ್ತು. ಆದರೂ ಅನುಮಾನ ಗಟ್ಟಿ.

ಬೌದ್ಧರ ಕಡೆಯಿಂದ ಇದಕ್ಕೆ ಸಿಗುವ ಸಮಾಧಾನ ಒಂದಿದೆ: ಪಕ್ಷ ರೋಹಿಣಿ ಅಲ್ಲ, ಆಕಾಶ ಅಥವಾ ಕಾಲ ಅಂತ ಇಟ್ಟುಕೊಳ್ಳಿ. ಅದರಲ್ಲಿ ಕೃತ್ತಿಕೆಯ ಉದಯವೂ ಇದೆ, ರೋಹಿಣಿಯ ಉದಯವೂ ಇದೆ. ಜೈನರು ಇದಕ್ಕೆ ಕೊಟ್ಟ ಮರುತ್ತರ ನನಗೆ ತುಂಬ ಇಷ್ಟ. ಪಕ್ಷವನ್ನು ಇಷ್ಟು ಹಿಗ್ಗಿಸಬಹುದು ಅಂತಾದರೆ, ಇಡೀ ಜಗತ್ತನ್ನೇ ಪಕ್ಷ ಮಾಡಿಕೊಂಡು, ಅಡುಗೆಮನೆಯ ಹೊಗೆಯಿಂದ ಸಮುದ್ರದಲ್ಲಿ ಬೆಂಕಿ ಇದೆ ಅಂತಲೂ ಸಾಧಿಸಬಹುದಲ್ಲ?

ಬೌದ್ಧರ ಉತ್ತರ, ಮತ್ತು ಅದರ ಹಿಂದಿನ ದೊಡ್ಡ ಪ್ರಶ್ನೆ

ಬೌದ್ಧರು ಸೋತು ಸುಮ್ಮನಾದರು ಅಂತ ತಿಳಿಯಬೇಡಿ. ಅವರ ಉತ್ತರದಲ್ಲೂ ಬಲ ಇದೆ. ಆ ಮಗನ ಉದಾಹರಣೆಯಲ್ಲಿ ಮೂರನೆಯ ಲಕ್ಷಣ ನಿಜವಾಗಿ ಸಿದ್ಧವೇ ಆಗಿಲ್ಲ ಅನ್ನೋದು ಅವರ ವಾದ. ಬೇರೆ ಬಣ್ಣದ ಮಗನನ್ನು ನಾವು ಕಂಡಿಲ್ಲ, ನಿಜ. ಆದರೆ ಕಾಣದೇ ಇರುವುದು ಬೇರೆ, ಇರೋಕಾಗಲ್ಲ ಅಂತ ನಿಶ್ಚಯವಾಗುವುದು ಬೇರೆ. ಧರ್ಮಕೀರ್ತಿ ಕೇಳಿದ್ದು ನಿಶ್ಚಯವನ್ನು.

ಸ್ವಲ್ಪ ನಿಂತು ಯೋಚಿಸಿದರೆ ಒಂದು ವಿಷಯ ಹೊಳೆಯುತ್ತೆ. ಮೂರನೆಯ ಲಕ್ಷಣವನ್ನು ಇಷ್ಟು ಬಿಗಿ ಮಾಡಿದ ಮೇಲೆ ಅದು ಹೆಚ್ಚುಕಡಿಮೆ ಅನ್ಯಥಾನುಪಪತ್ತಿಯೇ ಆಯಿತು. ಹಾಗಾಗಿ ಜಗಳ ಮೂರೋ ಒಂದೋ ಅನ್ನುವ ಎಣಿಕೆಯದ್ದಾಗಿ ಉಳಿಯಲ್ಲ. 'ಇರೋಕಾಗಲ್ಲ' ಅನ್ನುವ ಆ ನಿಶ್ಚಯ ಬರೋದು ಎಲ್ಲಿಂದ ಅನ್ನೋದೇ ಮುಖ್ಯ ಪ್ರಶ್ನೆಯಾಗುತ್ತೆ. ತರ್ಕದ ಬುನಾದಿ ಇರೋದು ಅಲ್ಲೇ.

ಧರ್ಮಕೀರ್ತಿಯ ಪ್ರಕಾರ ಅದು ವಸ್ತುಸ್ವಭಾವದಿಂದ ಬರಬೇಕು, ಅದಕ್ಕೆ ಎರಡೇ ದಾರಿ. ಒಂದು ತಾದಾತ್ಮ್ಯ: ಇದು ಆಲದ ಮರ, ಆದ್ದರಿಂದ ಮರ. ಇನ್ನೊಂದು ತದುತ್ಪತ್ತಿ: ಹೊಗೆ ಬೆಂಕಿಯಿಂದ ಹುಟ್ಟಿದ್ದು, ಆದ್ದರಿಂದ ಬೆಂಕಿ ಇಲ್ಲದೆ ಹೊಗೆ ಇಲ್ಲ. ಜೈನರು ಮತ್ತೆ ಕೃತ್ತಿಕೆಯನ್ನೇ ತೋರಿಸುತ್ತಾರೆ. ಕೃತ್ತಿಕೆ ರೋಹಿಣಿಯಲ್ಲ, ಕೃತ್ತಿಕೆಯ ಉದಯಕ್ಕೆ ರೋಹಿಣಿ ಕಾರಣವೂ ಅಲ್ಲ. ಆದರೂ ನಿಯಮ ತಪ್ಪಲ್ಲ. ಆದ್ದರಿಂದ ಪೂರ್ವಚರ, ಉತ್ತರಚರ, ಸಹಚರ ಎಂಬ ಹೇತುಗಳನ್ನೂ ಒಪ್ಪಬೇಕು ಅನ್ನೋದು ಅವರ ವಾದ.

ಇವರಿಬ್ಬರ ನಡುವೆ ಚಾರ್ವಾಕರ ತಕರಾರು ಬೇರೆ ಇದೆ. ಎಲ್ಲ ಕಾಲದ, ಎಲ್ಲ ದೇಶದ ಹೊಗೆಯನ್ನು ಕಂಡವರು ಯಾರು? ಪ್ರತ್ಯಕ್ಷಕ್ಕೆ ಸಿಗೋದು ಕಣ್ಣೆದುರಿನ ಹೊಗೆ ಮಾತ್ರ. ಅನುಮಾನದಿಂದಲೇ ನಿಯಮವನ್ನು ಸಾಧಿಸುತ್ತೇನೆ ಅಂದರೆ ಆ ಅನುಮಾನಕ್ಕೆ ಇನ್ನೊಂದು ನಿಯಮ ಬೇಕು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ಯುರೋಪಿನಲ್ಲಿ ಡೇವಿಡ್ ಹ್ಯೂಮ್ 1739ರಲ್ಲಿ ಎತ್ತಿದ ಪ್ರಶ್ನೆಯೂ ಇದರ ಹತ್ತಿರದ ನೆಂಟ. ಅಕಲಂಕರು ಇದಕ್ಕೆ ಕೊಟ್ಟ ಉತ್ತರ ಧೈರ್ಯದ್ದು. ನಿಯಮವನ್ನು ಗ್ರಹಿಸುವ ಜ್ಞಾನ ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ. ಅದೇ ಬೇರೆ ಪ್ರಮಾಣ, ಅದರ ಹೆಸರು ತರ್ಕ. ಇವತ್ತು ನಾವು ಇಡೀ ಶಾಸ್ತ್ರಕ್ಕೆ ತರ್ಕ ಅನ್ನೋ ಹೆಸರು ಬಳಸ್ತೀವಿ. ಅಕಲಂಕರಲ್ಲಿ ಅದು ಈ ಒಂದು ನಿರ್ದಿಷ್ಟ ಕೆಲಸ ಮಾಡುವ ಜ್ಞಾನ: ಇದ್ದರೆ ಇದು, ಇಲ್ಲದಿದ್ದರೆ ಇಲ್ಲ ಎಂಬ ಸಂಬಂಧವನ್ನು ಊಹಿಸಿ ನಿಶ್ಚಯಿಸುವುದು. ಮಾಣಿಕ್ಯನಂದಿಯ 'ಪರೀಕ್ಷಾಮುಖ' ಇದನ್ನು ಸೂತ್ರಗಳಾಗಿ ಜೋಡಿಸಿತು. ವಿದ್ಯಾನಂದರು ಪಾತ್ರಕೇಸರಿಯ ಮಾತನ್ನೇ ತಿರುಗಿಸಿ, ನೈಯಾಯಿಕರ ಐದು ಲಕ್ಷಣಗಳಿಗೂ ಇದೇ ಗತಿ ಅಂದರು.

ಪದ್ಮಾವತಿ ಯಾಕೆ ಬಂದಳು?

ಒಂದು ಕಥೆಯ ಪ್ರಕಾರ, ಹೇತುವಿನ ಲಕ್ಷಣದ ಬಗ್ಗೆ ಪಾತ್ರಕೇಸರಿಗೆ ಸಂದೇಹ ಕಾಡುತ್ತಿತ್ತು, ಆಗ ಪದ್ಮಾವತಿಯ ಕೃಪೆಯಿಂದ ಆ ಪ್ರಸಿದ್ಧ ಕಾರಿಕೆ ಅವರಿಗೆ ಸಿಕ್ಕಿತು. ಶಾಸನ ಸೂಚಿಸೋದೂ ಇದನ್ನೇ. ಭಕ್ತರಿಗೆ ಇದು ಮಹಿಮೆ. ನನಗೆ ಇದರಲ್ಲಿ ಇನ್ನೊಂದು ಸೂಕ್ಷ್ಮ ಕಾಣುತ್ತೆ. ಬೌದ್ಧರ ಎದುರು ವಾದಕ್ಕೆ ನಿಂತಾಗ ದೇವಿ ಹೇಳಿದಳು ಅನ್ನೋದು ಪ್ರಮಾಣವಾಗಲ್ಲ, ಅದನ್ನು ಅವರು ಒಪ್ಪಲ್ಲ. ಹಾಗಾಗಿ ಕಾರಿಕೆ ಎಲ್ಲಿಂದಲೇ ಬರಲಿ, ಅದು ನಿಲ್ಲಬೇಕಾದದ್ದು ಯುಕ್ತಿಯ ಮೇಲೆ. ಶಾಂತರಕ್ಷಿತರೂ ಅದನ್ನು ಹಾಗೇ ಎದುರಿಸಿದರು. ದೇವಿಯ ಹೆಸರೆತ್ತದೆ, ಆ ಅನ್ಯಥಾನುಪಪನ್ನತ್ವ ಇರೋದು ಎಲ್ಲಿ, ಪಕ್ಷದಲ್ಲೋ, ದೃಷ್ಟಾಂತದಲ್ಲೋ, ಸಾಮಾನ್ಯವಾಗಿಯೋ ಅಂತ ಪ್ರಶ್ನೆ ಹಾಕಿದರು.

ಬಳ್ಳಿಗಾವೆಯ ಕಲ್ಲುಗಳು ಹೇಳೋದು

ಈಗ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಗೆ ಬನ್ನಿ. ಅಲ್ಲಿನ 1162ರ ಕೋಡಿಯಮಠದ ಶಾಸನವನ್ನು ನಾವು ಊಟ, ಔಷಧ, ವಿದ್ಯೆ ಮೂರನ್ನೂ ಕೊಡುತ್ತಿದ್ದ ಸಂಸ್ಥೆಯ ದಾಖಲೆಯಾಗಿ ಮತ್ತೆ ಮತ್ತೆ ನೆನೀತೀವಿ. ಅಲ್ಲಿ ಕಲಿಸುತ್ತಿದ್ದ ವಿಷಯಗಳಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯದ ಜೊತೆ ಬೌದ್ಧ ದರ್ಶನವೂ ಇದೆ. ಕಾಳಾಮುಖ ಶೈವರ ಮಠದಲ್ಲಿ ಬೌದ್ಧ ದರ್ಶನ ಯಾಕೆ? ಎದುರಾಳಿಯ ಶಾಸ್ತ್ರ ಓದದೆ ವಾದ ಮಾಡೋಕಾಗಲ್ಲ ಅನ್ನೋದು ಒಂದು ಕಾರಣ ಇರಬೇಕು. ಅದೇ ಊರಲ್ಲಿ 1065ರಲ್ಲಿ ರೂಪಭಟ್ಟಯ್ಯ ಕಟ್ಟಿಸಿದ ಜಯಂತಿ ಬೌದ್ಧವಿಹಾರ ಇತ್ತು, ತಾರಾಭಗವತಿಯ ಪೂಜೆಯೂ ಇತ್ತು. ಬೆಳಗೊಳದ ಕಂಬದ ಮೇಲೆ ಗಡಿಗೆಯೊಳಗೆ ಸೋತ ತಾರೆ, ಬಳ್ಳಿಗಾವೆಯಲ್ಲಿ ಆರಾಧನೆ ಪಡೆಯುತ್ತಿದ್ದವಳು.

ಇನ್ನೂ ಕುತೂಹಲದ್ದು 1036ರ ಶಾಸನ. ಇದು ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಕಾಲದ್ದು. ಇಲ್ಲಿ ವಾದಿರುದ್ರಗಣ ಲಾಕುಳೀಶ್ವರ ಪಂಡಿತರ ಬಿರುದುಗಳ ಸರಮಾಲೆ ಇದೆ. ಬೌದ್ಧ ಸಮುದ್ರಕ್ಕೆ ಬಡಬಾಗ್ನಿ, ಮೀಮಾಂಸಕ ಪರ್ವತಕ್ಕೆ ಸಿಡಿಲು, ಅಕಲಂಕ ಎಂಬ ತ್ರಿಪುರವನ್ನು ಸುಟ್ಟ ಮುಕ್ಕಣ್ಣ, ವಾದಿರಾಜನ ಬಾಯಿಗೆ ಮುದ್ರೆ ಒತ್ತಿದವರು, ನೈಯಾಯಿಕರನ್ನು ಕಾಯುವವರು. ಇಲ್ಲಿ ಬರುವ ವಾದಿರಾಜ 1025ರಲ್ಲಿ ಪಾರ್ಶ್ವನಾಥಚರಿತ ಬರೆದ ಜೈನ ಪಂಡಿತರೇ ಆಗಿದ್ದರೆ, ಅವರೂ ಇದೇ ಜಯಸಿಂಹನ ಕಾಲದವರು. ಬೆಳಗೊಳದ ಕಂಬ ಅವರು ಚಾಲುಕ್ಯ ರಾಜಧಾನಿಯಲ್ಲಿ ಗೆದ್ದರು ಅನ್ನುತ್ತೆ. ಬಳ್ಳಿಗಾವೆಯ ಕಲ್ಲು ಅವರ ಬಾಯಿ ಮುಚ್ಚಿಸಲಾಯಿತು ಅನ್ನುತ್ತೆ. ಯಾವುದನ್ನು ನಂಬೋದು?

ಶಾಸನ ಓದುವವರಿಗೆ ಪಾತ್ರಕೇಸರಿಯ ಪಾಠ

ಇಲ್ಲಿಗೆ ಬಂತು ನೋಡಿ ನಮ್ಮ ಕೆಲಸ. ನಾವು ಶಾಸನದಿಂದ ಇತಿಹಾಸ ಕಟ್ಟುವಾಗ ಮಾಡೋದೆಲ್ಲ ಅನುಮಾನವೇ. ಕಲ್ಲು ಹೇತು, ಕಳೆದುಹೋದ ಘಟನೆ ಸಾಧ್ಯ. ಹಾಗಿದ್ದ ಮೇಲೆ ಪ್ರತಿ ಸಲವೂ ಕೇಳಬೇಕಾದ ಪ್ರಶ್ನೆ: ಆ ಘಟನೆ ನಡೆಯದೆ ಹೋಗಿದ್ದರೆ ಈ ಕಲ್ಲು ಹೀಗೆ ಇರೋಕೆ ಆಗ್ತಿರಲಿಲ್ವಾ?

ಬಿರುದಿಗೆ ಹಚ್ಚಿ ನೋಡಿ. ಪಂಡಿತ ಗೆಲ್ಲದಿದ್ದರೂ ಶಿಷ್ಯರು, ದಾನಿಗಳು ಬಿರುದು ಕೊಡಬಹುದು. ಆದ್ದರಿಂದ ಬಿರುದು ಗೆಲುವನ್ನು ಸಾಧಿಸಲ್ಲ. ಅಕಲಂಕರು ಎಂಟನೇ ಶತಮಾನದವರು. 1036ರ ಶಾಸನದ ಅಕಲಂಕ ಅವರೇ ಆಗಿದ್ದರೆ, ಲಾಕುಳೀಶ್ವರರು ಅವರನ್ನು ಎದುರಾಬದುರು ಕೂತು ಸೋಲಿಸಿರೋಕೆ ಸಾಧ್ಯವೇ ಇಲ್ಲ. ಆ ಬಿರುದು ಅಕಲಂಕರ ಗ್ರಂಥಗಳ ಮತದ ವಿರುದ್ಧ. ಹಾಗಾದರೆ ಬಿರುದು ಏನನ್ನೂ ಸಾಧಿಸಲ್ವಾ? ಸಾಧಿಸುತ್ತೆ. 1036ರ ಹೊತ್ತಿಗೆ ಬಳ್ಳಿಗಾವೆಯ ಶೈವರಿಗೆ ಈ ಹೆಸರುಗಳು ಗೊತ್ತಿದ್ದವು, ಈ ಮತಗಳನ್ನು ಅವರು ಎದುರಾಳಿ ಅಂತ ಎಣಿಸುತ್ತಿದ್ದರು. ಹೆಸರೇ ಗೊತ್ತಿಲ್ಲದೆ ಬಿರುದು ಕೆತ್ತಿಸೋಕಾಗಲ್ಲವಲ್ಲ. ಇಷ್ಟು ಮಾತ್ರ ಅನ್ಯಥಾನುಪಪನ್ನ.

ಲಿಪಿಗೆ ಹಚ್ಚಿ ನೋಡಿ. 'ಈ ಅಕ್ಷರಗಳು ಹತ್ತನೇ ಶತಮಾನದ ಶಾಸನಗಳಂತಿವೆ, ಆದ್ದರಿಂದ ಇದೂ ಹತ್ತನೇ ಶತಮಾನದ್ದು' ಅನ್ನೋ ವಾದ ಆ ಹೆಂಗಸಿನ ಮಗನ ವಾದದ ಹತ್ತಿರಕ್ಕೆ ಬರುತ್ತೆ. ಹಳೆಯ ಅಕ್ಷರದ ರೂಪವನ್ನು ಆಮೇಲಿನವನು ನೋಡಿ ಕೆತ್ತಬಹುದು. ಆದರೆ ತಿರುಗುಮುರುಗು ಮಾಡಿದರೆ ವಾದಕ್ಕೆ ಬಲ ಬರುತ್ತೆ: ಇನ್ನೂ ಹುಟ್ಟಿರದ ಅಕ್ಷರರೂಪವನ್ನು ಹಿಂದಿನವನು ಕೆತ್ತೋಕಾಗಲ್ಲ. ಮರ್ಕೆರಾ ತಾಮ್ರಪಟದಲ್ಲಿ 388 ಅನ್ನೋ ವರ್ಷ ಇದೆ. ಶಕವರ್ಷ ಅಂತ ಹಿಡಿದರೆ ಕ್ರಿ.ಶ. 466. ಆದರೆ ಲಿಪಿ ಶತಮಾನಗಳಷ್ಟು ಈಚಿನದು. ಹಾಗಾಗಿ ಈಗಿರುವ ಪಟ ಆ ವರ್ಷ ಬರೆದದ್ದಲ್ಲ ಅನ್ನೋದು ವಿದ್ವಾಂಸರ ತೀರ್ಮಾನ. ಜೆ. ಎಫ್. ಫ್ಲೀಟ್ ಹಲವು ಗಂಗ ತಾಮ್ರಪಟಗಳನ್ನು ಕೂಟಶಾಸನ ಅಂದಾಗ ಅವರ ಕೈಲಿದ್ದ ಮುಖ್ಯ ಅಸ್ತ್ರಗಳಲ್ಲಿ ಇದೂ ಒಂದು.

ಕಾಲಕ್ಕೆ ಹಚ್ಚಿ ನೋಡಿ. ಮಲ್ಲಿಷೇಣ ಪ್ರಶಸ್ತಿಯ ಶಕವರ್ಷ, ಸಂವತ್ಸರ, ತಿಥಿ, ವಾರ, ನಕ್ಷತ್ರ ಐದೂ ಒಂದೇ ದಿನಕ್ಕೆ ಕೂಡುತ್ತವೆ. ವಾರ ಒಂದೇ ಆಗಿದ್ದರೆ ಏಳರಲ್ಲಿ ಒಂದು ಸಲ ಸುಮ್ಮನೆ ಕೂಡಿಬಿಡಬಹುದು. ಐದೂ ಕೂಡಬೇಕಾದರೆ ಆ ದಿನವನ್ನು ಸರಿಯಾಗಿ ಬಲ್ಲವರು ಬರೆದಿರಬೇಕು. ಬೇರೆ ವಿವರಣೆ ಇಲ್ಲಿ ತುಂಬ ಕಷ್ಟ.

ಇದನ್ನೆಲ್ಲ ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದರೆ, ಈಗ ದಿನಕ್ಕೊಂದು ಕಲ್ಲಿನ ಫೋಟೋ ನಮ್ಮ ಮೊಬೈಲಿಗೆ ಬರುತ್ತೆ. ಜೊತೆಗೆ 'ನಮ್ಮೂರಿಗೆ ಸಾವಿರದ ಐನೂರು ವರ್ಷದ ಇತಿಹಾಸ', 'ನಮ್ಮ ಪಂಡಿತರು ಅವರನ್ನು ಸೋಲಿಸಿದ್ದಕ್ಕೆ ಸಾಕ್ಷಿ' ಅನ್ನೋ ಶೀರ್ಷಿಕೆ. ಊರಿನ ಮೇಲಿನ ಪ್ರೀತಿ ದೊಡ್ಡದೇ. ಆದರೆ ಒಮ್ಮೆ ತಪ್ಪಾಗಿ ಹರಡಿದ ಕಾಲ ಪುಸ್ತಕಕ್ಕೆ, ನಾಮಫಲಕಕ್ಕೆ ಏರಿಬಿಟ್ಟರೆ ಇಳಿಸೋದು ಕಷ್ಟ. ಹೊಂದುವ ಉದಾಹರಣೆಗಳು ಎಷ್ಟಿವೆ ಅಂತ ಎಣಿಸಿ ತೃಪ್ತಿಪಡಬಾರದು. ಬೇರೆ ರೀತಿಯಲ್ಲೂ ಹೀಗಾಗಿರಬಹುದಾ ಅಂತ ಹುಡುಕಬೇಕು. ಹುಡುಕಿ ಸಿಗದಿದ್ದರೆ ಆಗ ಮಾತು ಗಟ್ಟಿ.

ಪಾತ್ರಕೇಸರಿಯ ಗ್ರಂಥ ಹೋಯಿತು, ಅವರ ಊರು ಕಾಲಗಳ ಬಗ್ಗೆ ಕಂಬ ಏನೂ ಹೇಳಲಿಲ್ಲ. ಉಳಿದದ್ದು ಒಂದು ಪ್ರಶ್ನೆ. ಮುಂದಿನ ಸಲ ಚಿಕ್ಕಬೆಟ್ಟ ಹತ್ತಿದಾಗ, ಪಾರ್ಶ್ವನಾಥ ಬಸದಿಯ ಆ ಕಂಬದಲ್ಲಿ ಅಕಲಂಕರಿಗಿಂತ ಕೊಂಚ ಮೊದಲು ಬರುವ ಆ ಶ್ಲೋಕವನ್ನೂ ಹುಡುಕಿ. ಅದೇ ಪ್ರಶ್ನೆಯನ್ನು ಆ ಕಂಬಕ್ಕೂ ಹಾಕಿ ನೋಡಿ. ಪಾತ್ರಕೇಸರಿ ಬೇಸರ ಮಾಡಿಕೊಳ್ಳಲಾರರು.